ಉತ್ತೇಜಕ ಮಾದಕ ವಸ್ತುಗಳ ವ್ಯಸನ: ಅಪಾಯಗಳು, ಕಾನೂನು ಹಾಗೂ ಚಿಕಿತ್ಸೆ ಪಡೆಯುವ ವಿಧಾನ

(ಬೀದರ ಜಿಲ್ಲೆ ಔರಾದ ತಾಲೂಕಿನ ಎಕಂಬಾ ಮತ್ತು ಸುತ್ತಲಿನ ಗ್ರಾಮಗಳ ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ಔರಾದ ತಾಲೂಕು ಕರ್ನಾಟಕದ ಉತ್ತರ ತುದಿಯಲ್ಲಿದ್ದು, ಮಹಾರಾಷ್ಟ್ರ ಹಾಗೂ ತೆಲಂಗಾಣ ರಾಜ್ಯಗಳ ಗಡಿಗೆ ಹೊಂದಿಕೊಂಡಿರುತ್ತದೆ. ಎಕಂಬಾ ಮತ್ತು ನೆರೆಯ ಗ್ರಾಮಗಳ ಜನರು ವ್ಯಾಪಾರ, ಸಂಬಂಧ ಹಾಗೂ ಕೂಲಿಗಾಗಿ ದೇಗಲೂರು, ಉದಗೀರ, ಹೈದರಾಬಾದ್ ಮುಂತಾದ ಊರುಗಳಿಗೆ ನಿತ್ಯ ಸಂಚರಿಸುವುದು ರೂಢಿಯಲ್ಲಿದೆ. ಇದೇ ರಸ್ತೆಗಳನ್ನು ಮಾದಕ ವಸ್ತುಗಳ ಸಾಗಣೆದಾರರೂ ಬಳಸುತ್ತಾರೆ. 2021ರಲ್ಲಿ ಮಾದಕ ವಸ್ತು ನಿಯಂತ್ರಣ ಬ್ಯೂರೋ ಬೀದರ ಜಿಲ್ಲೆಯಲ್ಲಿ ಆಲ್ಪ್ರಜೋಲಾಮ್ ಎಂಬ ಮತ್ತು ಬರಿಸುವ ಔಷಧವನ್ನು ಅಕ್ರಮವಾಗಿ ತಯಾರಿಸುತ್ತಿದ್ದ ಘಟಕವೊಂದನ್ನು ಪತ್ತೆ ಹಚ್ಚಿತು. 2024ರಲ್ಲಿ ಔರಾದ ತಾಲೂಕಿನ ವನಮಾರಪಳ್ಳಿ ಬಳಿ ಸಾಗಿಸಲಾಗುತ್ತಿದ್ದ ಭಾರೀ ಪ್ರಮಾಣದ ಗಾಂಜಾವನ್ನು ವಶಪಡಿಸಿಕೊಳ್ಳಲಾಯಿತು. ಆದ್ದರಿಂದ ಮಾದಕ ವಸ್ತುಗಳ ವಿಷಯವು ಕೇವಲ ಮಹಾನಗರಗಳಿಗೆ ಸಂಬಂಧಿಸಿದ್ದೆಂದು ಭಾವಿಸುವುದು ಸರಿಯಲ್ಲ.

ಮಾದಕ ವಸ್ತುಗಳಲ್ಲಿ ಉತ್ತೇಜಕಗಳೆಂಬ ವರ್ಗವು ಬಹುಬೇಗ ಚಟ ಹಿಡಿಸುವಂಥದ್ದು. ಇವುಗಳ ಅಪಾಯ, ಸಂಬಂಧಿಸಿದ ಕಾನೂನು ಮತ್ತು ಸರ್ಕಾರಿ ಚಿಕಿತ್ಸಾ ಸೌಲಭ್ಯಗಳ ವಿವರವನ್ನು ಇಲ್ಲಿ ನೀಡಲಾಗಿದೆ. ಶಿಕ್ಷೆಯ ಭಯದಿಂದ ಅನೇಕ ಕುಟುಂಬಗಳು ವ್ಯಸನವನ್ನು ಮುಚ್ಚಿಡುತ್ತವೆ. ಸ್ವಇಚ್ಛೆಯಿಂದ ಚಿಕಿತ್ಸೆಗೆ ಬರುವ ವ್ಯಸನಿಗೆ ಕಾನೂನೇ ರಕ್ಷಣೆ ಒದಗಿಸಿದೆ ಎಂಬ ಅಂಶವನ್ನು ಸಾರ್ವಜನಿಕರು ಮುಖ್ಯವಾಗಿ ಗಮನಿಸತಕ್ಕದ್ದು (ಕ್ರಮ ಸಂಖ್ಯೆ 8 ನೋಡಿ).

2. ಉತ್ತೇಜಕ ವಸ್ತುಗಳು ಎಂದರೇನು?

ಮೆದುಳು ಹಾಗೂ ನರಮಂಡಲದ ಕಾರ್ಯವನ್ನು ಕೃತಕವಾಗಿ ತೀವ್ರಗೊಳಿಸುವ ವಸ್ತುಗಳನ್ನು ಉತ್ತೇಜಕಗಳೆನ್ನುತ್ತಾರೆ. ಸೇವಿಸಿದವರಿಗೆ ನಿದ್ರೆ ಮತ್ತು ಹಸಿವು ದೂರವಾಗುತ್ತವೆ. ಹೃದಯ ಬಡಿತ ಹಾಗೂ ರಕ್ತದೊತ್ತಡ ಏರುತ್ತವೆ. ಅಸಾಧಾರಣ ಶಕ್ತಿ ಬಂದಂತೆ ಭಾಸವಾಗುತ್ತದೆ. ಮದ್ಯ, ನಿದ್ರೆ ಮಾತ್ರೆ ಮುಂತಾದವು ನರಮಂಡಲವನ್ನು ಮಂದಗೊಳಿಸಿದರೆ ಇವುಗಳ ಪರಿಣಾಮ ಅದಕ್ಕೆ ವಿರುದ್ಧವಾದುದು.

ಪ್ರಮುಖ ಉತ್ತೇಜಕಗಳು ಈ ಕೆಳಗಿನಂತಿವೆ:

(ಅ) ಆಂಫೆಟಮಿನ್ ಮತ್ತು ಮೆಥಾಂಫೆಟಮಿನ್: ಆಂಫೆಟಮಿನ್ 1887ರಲ್ಲಿ ಜರ್ಮನಿಯಲ್ಲಿಯೂ ಮೆಥಾಂಫೆಟಮಿನ್ 1893ರಲ್ಲಿ ಜಪಾನಿನಲ್ಲಿಯೂ ಮೊದಲು ತಯಾರಾದವು. ಎರಡನೆಯ ಮಹಾಯುದ್ಧದಲ್ಲಿ ಸೈನಿಕರನ್ನು ಎಚ್ಚರವಾಗಿರಿಸಲು ಇವುಗಳನ್ನು ಬಳಸಲಾಯಿತು. ಯುದ್ಧಾನಂತರ ಜಪಾನಿನಲ್ಲಿ ವ್ಯಸನವು ವ್ಯಾಪಕವಾಗಿ ಹರಡಿದ್ದರಿಂದ 1951ರಲ್ಲಿ ಅಲ್ಲಿ ಪ್ರತ್ಯೇಕ ಕಾನೂನು ಜಾರಿಗೆ ಬಂದಿತು. ಹರಳಿನ ರೂಪದ ಮೆಥಾಂಫೆಟಮಿನ್‌ಗೆ ‘ಐಸ್’, ‘ಕ್ರಿಸ್ಟಲ್’ ಎಂಬ ಹೆಸರುಗಳಿವೆ.

(ಆ) ಮೆಫೆಡ್ರೋನ್: ‘ಎಂ.ಡಿ.’, ‘ಮ್ಯಾವ್ ಮ್ಯಾವ್’ ಎಂಬ ಹೆಸರುಗಳಲ್ಲಿ ಮಾರಾಟವಾಗುವ ಪುಡಿ. 2015ರಲ್ಲಿ ಇದನ್ನು ಮಾದಕ ವಸ್ತುಗಳ ಕಾನೂನಿನ ಪಟ್ಟಿಗೆ ಸೇರಿಸಲಾಯಿತು. ಅದಕ್ಕೂ ಮೊದಲಿನಂತೆ ಇದು ನಿಷೇಧಿತವಲ್ಲವೆಂದು ಮಾರಾಟಗಾರರು ಹೇಳುವ ಮಾತು ಸುಳ್ಳು.

(ಇ) ಕೊಕೇನ್: ಕೋಕಾ ಎಲೆಯಿಂದ ತಯಾರಾಗುವ ಪುಡಿ. ಮದ್ಯದೊಂದಿಗೆ ಸೇವಿಸಿದಲ್ಲಿ ದೇಹದಲ್ಲಿ ಉತ್ಪತ್ತಿಯಾಗುವ ಸಂಯುಕ್ತವು ಹೃದಯಕ್ಕೆ ಇನ್ನಷ್ಟು ಹಾನಿಕರ.

(ಈ) ಎಂ.ಡಿ.ಎಂ.ಎ.: ‘ಎಕ್ಸ್‌ಟಸಿ’ ಎಂದು ಕರೆಯಲಾಗುವ ಮಾತ್ರೆ. ದೇಹದ ಉಷ್ಣತೆ ಅಪಾಯಕಾರಿ ಮಟ್ಟಕ್ಕೆ ಏರುವುದು ಇದರ ವಿಶೇಷ ಅಪಾಯ.

(ಉ) ಔಷಧಗಳ ದುರುಪಯೋಗ: ಶಸ್ತ್ರಚಿಕಿತ್ಸೆಯ ವೇಳೆ ಕುಸಿದ ರಕ್ತದೊತ್ತಡವನ್ನು ಏರಿಸಲು ಬಳಸುವ ಮೆಫೆಂಟರ್ಮಿನ್ ಚುಚ್ಚುಮದ್ದನ್ನು ವ್ಯಾಯಾಮ ಶಾಲೆಗಳಿಗೆ ಹೋಗುವ ಕೆಲವು ಯುವಕರು ‘ತಾಕತ್ತಿನ ಇಂಜೆಕ್ಷನ್’ ಎಂದು ಚುಚ್ಚಿಕೊಳ್ಳುವುದು ದೇಶದ ಹಲವೆಡೆ ಕಂಡುಬಂದಿದೆ. ಇದನ್ನು ವೈದ್ಯರ ಚೀಟಿ ಇಲ್ಲದೆ ಮಾರಾಟ ಮಾಡುವಂತಿಲ್ಲ.

(ಊ) ನಿಕೋಟಿನ್: ತಂಬಾಕು, ಬೀಡಿ, ಸಿಗರೇಟು ಹಾಗೂ ಗುಟ್ಕಾದಲ್ಲಿರುವ ನಿಕೋಟಿನ್ ಸಹ ಚಟ ಹಿಡಿಸುವ ಉತ್ತೇಜಕವೇ ಆಗಿದೆ. 2016-17ರ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇಕಡ 22.8ರಷ್ಟು ವಯಸ್ಕರು ಒಂದಲ್ಲ ಒಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಗುಟ್ಕಾವನ್ನು ರಾಜ್ಯದಲ್ಲಿ 2013ರಲ್ಲಿ ನಿಷೇಧಿಸಲಾಗಿದೆ.

ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯವು 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯಂತೆ, 10ರಿಂದ 75 ವರ್ಷ ವಯಸ್ಸಿನವರಲ್ಲಿ ಆಂಫೆಟಮಿನ್ ವರ್ಗದ ವಸ್ತುಗಳನ್ನು ಬಳಸುವವರು ಶೇಕಡ 0.18 ಹಾಗೂ ಕೊಕೇನ್ ಬಳಸುವವರು ಶೇಕಡ 0.10. ಈ ಪ್ರಮಾಣ ಅಲ್ಪವಾಗಿ ಕಂಡರೂ ದೇಶದ ಜನಸಂಖ್ಯೆಯಲ್ಲಿ ಇದು ಲಕ್ಷಾಂತರ ಜನರಿಗೆ ಸಮ.

3. ಚಟ ಹಿಡಿಯುವ ಬಗೆ

ಊಟ, ವಿಶ್ರಾಂತಿ, ದುಡಿಮೆಯ ಫಲ, ಮಕ್ಕಳ ಒಡನಾಟ ಇವುಗಳಿಂದ ದೊರೆಯುವ ಸಂತೋಷದಲ್ಲಿ ಮೆದುಳಿನ ಡೋಪಮಿನ್ ಎಂಬ ರಾಸಾಯನಿಕಕ್ಕೆ ಮುಖ್ಯ ಪಾತ್ರವಿದೆ. ಉತ್ತೇಜಕ ವಸ್ತುಗಳು ಈ ರಾಸಾಯನಿಕವನ್ನು ಒಮ್ಮೆಗೇ ಅತಿಯಾಗಿ ಹೊಮ್ಮಿಸುತ್ತವೆ ಅಥವಾ ಅದು ಮರಳಿ ಹೀರಲ್ಪಡದಂತೆ ತಡೆಯುತ್ತವೆ. ಪದೇ ಪದೇ ಹೀಗಾದಾಗ ಮೆದುಳು ತನ್ನ ಸಹಜ ಸ್ಪಂದನೆಯನ್ನು ಕುಗ್ಗಿಸಿಕೊಳ್ಳುತ್ತದೆ. ಪರಿಣಾಮವಾಗಿ ಮೊದಲಿನ ಪ್ರಮಾಣ ಸಾಲದಾಗುತ್ತದೆ. ವಸ್ತುವಿಲ್ಲದಿದ್ದರೆ ಯಾವುದರಲ್ಲಿಯೂ ಸಂತೋಷ ಕಾಣದಂತಾಗುತ್ತದೆ.

ಈ ವಸ್ತುಗಳು ದೇಹಕ್ಕೆ ಹೊಸ ಶಕ್ತಿಯನ್ನು ಕೊಡುವುದಿಲ್ಲ. ನಾಳೆಯ ಶಕ್ತಿಯನ್ನು ಇಂದೇ ಖರ್ಚು ಮಾಡಿಸುತ್ತವೆ. ಅಮಲು ಇಳಿದ ನಂತರ ತೀವ್ರ ಆಯಾಸ, ದೀರ್ಘ ನಿದ್ರೆ, ಅತಿ ಹಸಿವು ಹಾಗೂ ಖಿನ್ನತೆ ಉಂಟಾಗುತ್ತವೆ. ಈ ಸ್ಥಿತಿಯಿಂದ ಪಾರಾಗಲು ಪುನಃ ಅದೇ ವಸ್ತುವನ್ನು ಸೇವಿಸುವುದರಿಂದ ಚಟ ಗಟ್ಟಿಯಾಗುತ್ತದೆ.

ಮೋಜಿಗಾಗಿ ಆರಂಭಿಸುವವರಿರುವಂತೆ ದುಡಿಮೆಯ ಒತ್ತಡದಿಂದ ಆರಂಭಿಸುವವರೂ ಇದ್ದಾರೆ. ರಾತ್ರಿಯಿಡೀ ಲಾರಿ ಓಡಿಸುವ ಚಾಲಕರು, ಪರಗಾವಲಿನಲ್ಲಿ ದೀರ್ಘ ಪಾಳಿ ದುಡಿಯುವ ಕಾರ್ಮಿಕರು, ಪರೀಕ್ಷೆಗೆ ನಿದ್ದೆಗೆಟ್ಟು ಓದುವ ವಿದ್ಯಾರ್ಥಿಗಳು ಹಾಗೂ ಶೀಘ್ರ ಮೈಕಟ್ಟು ಬಯಸುವ ಯುವಕರಿಗೆ ‘ಒಂದೇ ಸಲ, ಏನೂ ಆಗುವುದಿಲ್ಲ’ ಎಂದು ಪರಿಚಿತರೇ ಮೊದಲು ನೀಡುವುದುಂಟು. ಊರು ಬಿಟ್ಟು ದುಡಿಯಲು ಹೋಗುವವರು ಈ ಬಗ್ಗೆ ಎಚ್ಚರ ವಹಿಸುವುದು ಅವಶ್ಯ.

4. ಆರೋಗ್ಯದ ಮೇಲಾಗುವ ದುಷ್ಪರಿಣಾಮಗಳು

• ಹೃದಯ: ರಕ್ತನಾಳಗಳ ಸಂಕುಚನ, ಹೃದಯ ಬಡಿತದ ಏರುಪೇರು. ಇಪ್ಪತ್ತು-ಮೂವತ್ತರ ವಯಸ್ಸಿನವರಲ್ಲಿಯೂ ಹೃದಯಾಘಾತ ಸಂಭವಿಸಬಹುದು.
• ಮೆದುಳು: ಪಾರ್ಶ್ವವಾಯು, ಮೂರ್ಛೆ, ನೆನಪಿನ ಶಕ್ತಿ ಕುಂದುವಿಕೆ.
• ಮನಸ್ಸು: ಅತಿಯಾದ ಸಂಶಯ, ಯಾರೋ ಬೆನ್ನಟ್ಟುತ್ತಿರುವರೆಂಬ ಭ್ರಮೆ, ಇಲ್ಲದ ಧ್ವನಿ ಕೇಳಿಸುವುದು, ಹಿಂಸಾ ಪ್ರವೃತ್ತಿ, ಆತ್ಮಹತ್ಯೆಯ ಆಲೋಚನೆ.
• ದೇಹ: ತೂಕ ಇಳಿಕೆ, ಹಲ್ಲುಗಳ ನಾಶ, ಚರ್ಮ ಕೆರೆದು ಹುಣ್ಣಾಗುವುದು, ಮೂಗಿನಿಂದ ಸೇದುವವರಲ್ಲಿ ಮೂಗಿನ ಒಳಗೋಡೆ ತೂತಾಗುವುದು.
• ಸೋಂಕು: ಒಂದೇ ಸೂಜಿಯನ್ನು ಹಲವರು ಬಳಸುವುದರಿಂದ ಎಚ್.ಐ.ವಿ. ಹಾಗೂ ಹೆಪಟೈಟಿಸ್ ಬಿ ಮತ್ತು ಸಿ ಹರಡುತ್ತವೆ.
• ಗರ್ಭಿಣಿಯರು: ಅವಧಿಪೂರ್ವ ಹೆರಿಗೆ, ಶಿಶುವಿನ ತೂಕ ಕಡಿಮೆಯಾಗುವುದು.

ಬೀದಿಯಲ್ಲಿ ದೊರೆಯುವ ಪುಡಿಯಲ್ಲಿ ಏನು, ಎಷ್ಟು ಬೆರೆತಿದೆ ಎಂಬುದು ಮಾರುವವನಿಗೂ ತಿಳಿದಿರುವುದಿಲ್ಲ. ಆದ್ದರಿಂದ ಮೊದಲ ಸೇವನೆಯೇ ಪ್ರಾಣಕ್ಕೆ ಎರವಾಗಬಹುದು.

ವಿಶೇಷ ಸೂಚನೆ: ಕಲಬೆರಕೆ ಸೇಂದಿಯಲ್ಲಿ ಬೆರೆಸಲಾಗುವ ಕ್ಲೋರಲ್ ಹೈಡ್ರೇಟ್, ಆಲ್ಪ್ರಜೋಲಾಮ್, ಡಯಜೆಪಾಮ್ ಮುಂತಾದವು ಉತ್ತೇಜಕಗಳಲ್ಲ, ನರಮಂಡಲವನ್ನು ಮಂದಗೊಳಿಸುವಂಥವು. ಇವುಗಳಿಗೆ ಒಗ್ಗಿದವರು ಒಮ್ಮೆಲೇ ನಿಲ್ಲಿಸಿದಲ್ಲಿ ಮೂರ್ಛೆ ಬರುವ ಅಪಾಯವಿರುವುದರಿಂದ ವೈದ್ಯರ ಮೇಲ್ವಿಚಾರಣೆಯಲ್ಲಿಯೇ ಬಿಡತಕ್ಕದ್ದು. ಉತ್ತೇಜಕದ ಅಮಲು ಇಳಿಸಲು ಸೇಂದಿ, ಮದ್ಯ ಅಥವಾ ನಿದ್ರೆ ಮಾತ್ರೆ ಸೇವಿಸುವುದು ಅತ್ಯಂತ ಅಪಾಯಕಾರಿ.

5. ಕುಟುಂಬದವರು ಗಮನಿಸಬೇಕಾದ ಲಕ್ಷಣಗಳು

1. ಎರಡು-ಮೂರು ದಿನ ನಿದ್ರೆಯಿಲ್ಲದೆ ಇದ್ದು, ನಂತರ ಹಗಲು ರಾತ್ರಿ ಮಲಗುವುದು.
2. ಊಟ ಬಿಡುವುದು, ಅಲ್ಪಾವಧಿಯಲ್ಲಿ ಸೊರಗುವುದು.
3. ಕಣ್ಣಿನ ಪಾಪೆ ಹಿಗ್ಗಿರುವುದು, ಹಲ್ಲು ಕಡಿಯುವುದು, ಬೆವರುವುದು, ತಡೆಯಿಲ್ಲದೆ ಮಾತನಾಡುವುದು.
4. ಕಾರಣವಿಲ್ಲದ ಸಿಟ್ಟು, ಮನೆಯವರ ಮೇಲೆಯೇ ಸಂಶಯ.
5. ಹಣಕ್ಕಾಗಿ ಪೀಡಿಸುವುದು, ಮನೆಯ ವಸ್ತುಗಳು ಕಾಣೆಯಾಗುವುದು.
6. ಸಿರಿಂಜು, ಸಣ್ಣ ಪ್ಲಾಸ್ಟಿಕ್ ಚೀಲ, ಸುಟ್ಟ ಬೆಳ್ಳಿಹಾಳೆ ಮುಂತಾದವು ದೊರೆಯುವುದು.

ಇವುಗಳಲ್ಲಿ ಒಂದೆರಡು ಲಕ್ಷಣಗಳು ಬೇರೆ ಕಾಯಿಲೆಗಳಿಂದಲೂ ಕಾಣಿಸಿಕೊಳ್ಳಬಹುದು. ಆದ್ದರಿಂದ ನಿಂದಿಸುವ ಮೊದಲು ವೈದ್ಯರಿಗೆ ತೋರಿಸುವುದು ಸೂಕ್ತ.

6. ತುರ್ತು ಸಂದರ್ಭದಲ್ಲಿ

ಎದೆನೋವು, ಉಸಿರಾಟದ ತೊಂದರೆ, ಮೈ ಕಾದು ಸುಡುವುದು, ಮೂರ್ಛೆ, ಪ್ರಜ್ಞೆ ತಪ್ಪುವುದು ಅಥವಾ ನಿಯಂತ್ರಣ ಮೀರಿದ ಉದ್ರೇಕ ಕಂಡುಬಂದಲ್ಲಿ ಕೂಡಲೇ 108 ಅಥವಾ 112ಕ್ಕೆ ಕರೆ ಮಾಡತಕ್ಕದ್ದು. ವಾಹನ ಬರುವವರೆಗೆ:

• ರೋಗಿಯನ್ನು ನೆರಳಿನಲ್ಲಿ, ಗಾಳಿಯಾಡುವ ಸ್ಥಳದಲ್ಲಿ ಇರಿಸಿ, ಒದ್ದೆ ಬಟ್ಟೆಯಿಂದ ಮೈ ಒರೆಸಬೇಕು.
• ಪ್ರಜ್ಞೆ ಇಲ್ಲದಿದ್ದು ಉಸಿರಾಡುತ್ತಿದ್ದಲ್ಲಿ ಒಂದು ಮಗ್ಗುಲಿಗೆ ಮಲಗಿಸಬೇಕು. ಬಾಯಿಗೆ ನೀರು, ಮಜ್ಜಿಗೆ, ನಿಂಬೆರಸ ಏನನ್ನೂ ಹಾಕಬಾರದು.
• ಹಗ್ಗದಿಂದ ಕಟ್ಟುವುದು, ಹೊಡೆಯುವುದು, ಮೇಲೆ ಕೂತು ಅದುಮುವುದು ಕೂಡದು. ಇದರಿಂದ ಉಸಿರುಗಟ್ಟಿ ಸಾವು ಸಂಭವಿಸಬಹುದು.
• ಯಾವ ವಸ್ತುವನ್ನು, ಎಷ್ಟು ಹೊತ್ತಿಗೆ ಸೇವಿಸಲಾಗಿದೆ ಎಂಬುದನ್ನು ವೈದ್ಯರಿಗೆ ಮರೆಮಾಚದೆ ತಿಳಿಸಬೇಕು. ಸರಿಯಾದ ಚಿಕಿತ್ಸೆ ಇದನ್ನೇ ಅವಲಂಬಿಸಿದೆ.

7. ಕಾನೂನಿನ ಉಪಬಂಧಗಳು

ಮಾದಕ ದ್ರವ್ಯಗಳು ಮತ್ತು ಮನೋಪ್ರಭಾವಕ ವಸ್ತುಗಳ ಅಧಿನಿಯಮ, 1985 ಇಡೀ ದೇಶಕ್ಕೆ ಅನ್ವಯಿಸುತ್ತದೆ. ಗಡಿ ದಾಟಿದ ಮಾತ್ರಕ್ಕೆ ಅಪರಾಧದಿಂದ ಪಾರಾಗಲು ಸಾಧ್ಯವಿಲ್ಲ. ವಶದಲ್ಲಿರುವ ವಸ್ತುವಿನ ಪ್ರಮಾಣವನ್ನು ಅನುಸರಿಸಿ ಶಿಕ್ಷೆ ನಿಗದಿಯಾಗುತ್ತದೆ.

ಅಲ್ಪ ಪ್ರಮಾಣ ಹಾಗೂ ವಾಣಿಜ್ಯ ಪ್ರಮಾಣದ ವಿವರ:
• ಆಂಫೆಟಮಿನ್, ಮೆಥಾಂಫೆಟಮಿನ್, ಮೆಫೆಡ್ರೋನ್: ಅಲ್ಪ ಪ್ರಮಾಣ 2 ಗ್ರಾಂ; ವಾಣಿಜ್ಯ ಪ್ರಮಾಣ 50 ಗ್ರಾಂ.
• ಕೊಕೇನ್: ಅಲ್ಪ ಪ್ರಮಾಣ 2 ಗ್ರಾಂ, ವಾಣಿಜ್ಯ ಪ್ರಮಾಣ 100 ಗ್ರಾಂ.
• ಎಂ.ಡಿ.ಎಂ.ಎ.: ಅಲ್ಪ ಪ್ರಮಾಣ 0.5 ಗ್ರಾಂ; ವಾಣಿಜ್ಯ ಪ್ರಮಾಣ 10 ಗ್ರಾಂ.

ಶಿಕ್ಷೆಯ ವಿವರ:
• ಅಲ್ಪ ಪ್ರಮಾಣ: 1 ವರ್ಷದವರೆಗೆ ಕಠಿಣ ಕಾರಾವಾಸ, ಅಥವಾ 10,000 ರೂ.ವರೆಗೆ ದಂಡ, ಅಥವಾ ಎರಡೂ.
• ಅಲ್ಪ ಪ್ರಮಾಣಕ್ಕಿಂತ ಹೆಚ್ಚು, ವಾಣಿಜ್ಯ ಪ್ರಮಾಣಕ್ಕಿಂತ ಕಡಿಮೆ: 10 ವರ್ಷದವರೆಗೆ ಕಠಿಣ ಕಾರಾವಾಸ ಮತ್ತು 1 ಲಕ್ಷ ರೂ.ವರೆಗೆ ದಂಡ.
• ವಾಣಿಜ್ಯ ಪ್ರಮಾಣ: 10ರಿಂದ 20 ವರ್ಷಗಳ ಕಠಿಣ ಕಾರಾವಾಸ ಮತ್ತು 1ರಿಂದ 2 ಲಕ್ಷ ರೂ. ದಂಡ. ಜಾಮೀನು ದೊರೆಯುವುದು ಅತಿ ಕಷ್ಟ.
• ಸೇವನೆ (ಕಲಂ 27): ಕೊಕೇನ್ ಸೇವನೆಗೆ 1 ವರ್ಷದವರೆಗೆ ಕಾರಾವಾಸ ಅಥವಾ 20,000 ರೂ.ವರೆಗೆ ದಂಡ ಅಥವಾ ಎರಡೂ. ಮೇಲ್ಕಂಡ ಇತರೆ ನಿಷೇಧಿತ ವಸ್ತುಗಳ ಸೇವನೆಗೆ 6 ತಿಂಗಳವರೆಗೆ ಕಾರಾವಾಸ ಅಥವಾ 10,000 ರೂ.ವರೆಗೆ ದಂಡ ಅಥವಾ ಎರಡೂ.

ಭೂಮಾಲೀಕರು ಹಾಗೂ ವಾಹನ ಮಾಲೀಕರ ಗಮನಕ್ಕೆ: ತಿಳಿದೂ ತನ್ನ ಮನೆ, ಹೊಲದ ಕೊಟ್ಟಿಗೆ, ಗೋದಾಮು ಅಥವಾ ವಾಹನವನ್ನು ಇಂತಹ ಕೃತ್ಯಕ್ಕೆ ಬಳಸಲು ಬಿಟ್ಟವರಿಗೂ ಅದೇ ಅಪರಾಧದ ಶಿಕ್ಷೆ ಅನ್ವಯಿಸುತ್ತದೆ (ಕಲಂ 25). ಅಪರಿಚಿತರು ಹೆಚ್ಚಿನ ಬಾಡಿಗೆ ನೀಡಿ ಒಂಟಿ ಶೆಡ್ ಕೇಳಿದಲ್ಲಿ ಪೂರ್ವಾಪರ ವಿಚಾರಿಸಿ ಕೊಡುವುದು ಸೂಕ್ತ. ಒಳಗೇನಿದೆ ಎಂದು ತಿಳಿಯದ ಗಂಟನ್ನು ಹಣದಾಸೆಗೆ ಗಡಿ ದಾಟಿಸಬಾರದು.

ಮಕ್ಕಳ ರಕ್ಷಣೆ: ಮಕ್ಕಳಿಗೆ ಮಾದಕ ವಸ್ತು ಅಥವಾ ತಂಬಾಕು ನೀಡುವುದು, ಅವುಗಳ ಸಾಗಣೆ ಅಥವಾ ಮಾರಾಟಕ್ಕೆ ಮಕ್ಕಳನ್ನು ಬಳಸುವುದು ಬಾಲನ್ಯಾಯ ಅಧಿನಿಯಮ, 2015ರ ಕಲಂ 77 ಮತ್ತು 78ರಂತೆ 7 ವರ್ಷದವರೆಗೆ ಕಠಿಣ ಕಾರಾವಾಸ ಹಾಗೂ 1 ಲಕ್ಷ ರೂ.ವರೆಗೆ ದಂಡಕ್ಕೆ ಗುರಿಪಡಿಸುವ ಅಪರಾಧ.

ನಾಗರಿಕರ ಹಕ್ಕು: ಮೈ ಶೋಧನೆಯ ಸಂದರ್ಭದಲ್ಲಿ ಪತ್ರಾಂಕಿತ ಅಧಿಕಾರಿ ಅಥವಾ ದಂಡಾಧಿಕಾರಿಯ ಸಮ್ಮುಖದಲ್ಲಿ ಶೋಧನೆ ನಡೆಸುವಂತೆ ಕೇಳುವ ಹಕ್ಕು ಕಲಂ 50ರಡಿ ಇದೆ. ಮಹಿಳೆಯರ ಶೋಧನೆಯನ್ನು ಮಹಿಳೆಯರೇ ಮಾಡತಕ್ಕದ್ದು.

8. ಚಿಕಿತ್ಸೆ ಬಯಸುವವರಿಗೆ ಕಾನೂನಿನ ರಕ್ಷಣೆ

ಮೇಲ್ಕಂಡ 1985ರ ಅಧಿನಿಯಮದ ಕಲಂ 64ಎ ಪ್ರಕಾರ, ಸೇವನೆಯ ಅಪರಾಧ ಅಥವಾ ಅಲ್ಪ ಪ್ರಮಾಣದ ಅಪರಾಧದ ಆರೋಪ ಹೊತ್ತ ವ್ಯಸನಿಯು ಸ್ವಇಚ್ಛೆಯಿಂದ ಸರ್ಕಾರಿ ಅಥವಾ ಸರ್ಕಾರದಿಂದ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ವ್ಯಸನಮುಕ್ತಿ ಚಿಕಿತ್ಸೆ ಪಡೆದಲ್ಲಿ, ಸದರಿ ಅಪರಾಧಕ್ಕಾಗಿ ಆತನ ವಿರುದ್ಧ ಮೊಕದ್ದಮೆ ನಡೆಸುವಂತಿಲ್ಲ. ಚಿಕಿತ್ಸೆಯನ್ನು ಪೂರ್ಣಗೊಳಿಸದಿದ್ದಲ್ಲಿ ಈ ರಕ್ಷಣೆಯನ್ನು ಹಿಂಪಡೆಯಬಹುದು. ಮಾರಾಟ ಅಥವಾ ದೊಡ್ಡ ಪ್ರಮಾಣದ ಸಾಗಣೆಯಲ್ಲಿ ತೊಡಗಿದವರಿಗೆ ಇದು ಅನ್ವಯಿಸುವುದಿಲ್ಲ. ತಪ್ಪಿತಸ್ಥನೆಂದು ತೀರ್ಮಾನವಾದ ನಂತರವೂ ವ್ಯಸನಿಯನ್ನು ಆತನ ಒಪ್ಪಿಗೆಯ ಮೇರೆಗೆ ಚಿಕಿತ್ಸೆಗಾಗಿ ಬಿಡುಗಡೆ ಮಾಡುವ ಅಧಿಕಾರ ಕಲಂ 39ರಂತೆ ನ್ಯಾಯಾಲಯಕ್ಕಿದೆ.

ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017 ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದ ಉಂಟಾಗುವ ಸ್ಥಿತಿಯನ್ನು ಮಾನಸಿಕ ಕಾಯಿಲೆಯ ವ್ಯಾಪ್ತಿಗೆ ಸೇರಿಸಿದೆ. ಅದರಂತೆ ರೋಗಿಯ ವಿವರಗಳನ್ನು ಗೌಪ್ಯವಾಗಿಡತಕ್ಕದ್ದು. ಬಡತನ ರೇಖೆಗಿಂತ ಕೆಳಗಿರುವವರು, ಬಿ.ಪಿ.ಎಲ್. ಕಾರ್ಡ್ ಹೊಂದಿರದಿದ್ದರೂ ಸಹ, ಸರ್ಕಾರಿ ಸಂಸ್ಥೆಗಳಲ್ಲಿ ಉಚಿತ ಚಿಕಿತ್ಸೆಗೆ ಅರ್ಹರು.

9. ಚಿಕಿತ್ಸೆ ಪಡೆಯುವ ವಿಧಾನ

(1) ಮೊದಲ ಹಂತ: ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ ಅಥವಾ ಗ್ರಾಮದ ಆಶಾ ಕಾರ್ಯಕರ್ತೆಯನ್ನು ಸಂಪರ್ಕಿಸುವುದು. ಮನೆಯಿಂದ ಹೊರಡಲು ಸಂಕೋಚವಿದ್ದಲ್ಲಿ ಮೊದಲು ದೂರವಾಣಿ ಮೂಲಕ ಸಲಹೆ ಪಡೆಯಬಹುದು (ಕ್ರಮ ಸಂಖ್ಯೆ 11).

(2) ಎರಡನೆಯ ಹಂತ: ಔರಾದ ತಾಲೂಕು ಆಸ್ಪತ್ರೆ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ತಾಲೂಕು ಆಸ್ಪತ್ರೆಗಳಲ್ಲಿ ನಿಗದಿತ ಮಂಗಳವಾರಗಳಂದು ಮನೋವೈದ್ಯರ ಸೇವೆ ಒದಗಿಸಲಾಗುತ್ತದೆ. ಬರುವ ದಿನವನ್ನು ಆಸ್ಪತ್ರೆಯಲ್ಲಿ ಮುಂಚಿತವಾಗಿ ವಿಚಾರಿಸಿಕೊಳ್ಳುವುದು.

(3) ಮೂರನೆಯ ಹಂತ: ದಾಖಲಾತಿ ಅಥವಾ ತಜ್ಞರ ಚಿಕಿತ್ಸೆ ಅಗತ್ಯವಿದ್ದಲ್ಲಿ ಬೀದರ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ (ಬ್ರಿಮ್ಸ್) ಆಸ್ಪತ್ರೆಯ ಮನೋವೈದ್ಯ ವಿಭಾಗ. ಹೆಚ್ಚಿನ ಚಿಕಿತ್ಸೆಗಾಗಿ ಧಾರವಾಡದ ಡಿಮ್ಹಾನ್ಸ್ ಅಥವಾ ಬೆಂಗಳೂರಿನ ನಿಮ್ಹಾನ್ಸ್ ವ್ಯಸನ ಚಿಕಿತ್ಸಾ ಕೇಂದ್ರಕ್ಕೆ ಹೋಗಬಹುದು.

ತರಬೇಕಾದವು: ಆಧಾರ್, ಪಡಿತರ ಚೀಟಿ, ಈ ಹಿಂದಿನ ಚಿಕಿತ್ಸೆಯ ಚೀಟಿಗಳು ಹಾಗೂ ಸೇವಿಸುತ್ತಿರುವ ಔಷಧಗಳ ವಿವರ. ತುರ್ತು ಸ್ಥಿತಿಯಲ್ಲಿ ದಾಖಲೆಗಳಿಗಾಗಿ ಕಾಯಬಾರದು.

ಚಿಕಿತ್ಸೆಯ ಸ್ವರೂಪ: ಉತ್ತೇಜಕಗಳ ಚಟವನ್ನು ಬಿಡಿಸಲು ಒಂದೇ ಗುಳಿಗೆ ಎಂಬುದು ಇಲ್ಲ. ಆಪ್ತಸಮಾಲೋಚನೆ, ವರ್ತನಾ ಚಿಕಿತ್ಸೆ, ನಿದ್ರೆ ಹಾಗೂ ಖಿನ್ನತೆಗೆ ಅಗತ್ಯ ಔಷಧ ಮತ್ತು ಕುಟುಂಬದ ಸಹಕಾರ ಇವು ಚಿಕಿತ್ಸೆಯ ಭಾಗಗಳು. ವಸ್ತುವನ್ನು ನಿಲ್ಲಿಸಿದ ಮೊದಲ ಎರಡು-ಮೂರು ವಾರಗಳಲ್ಲಿ ಖಿನ್ನತೆ ತೀವ್ರವಾಗಿರುವ ಸಾಧ್ಯತೆ ಇರುವುದರಿಂದ ರೋಗಿಯನ್ನು ಒಂಟಿಯಾಗಿ ಬಿಡಬಾರದು. ಕೀಟನಾಶಕಗಳನ್ನು ಕೈಗೆ ಸಿಗದಂತೆ ಬೀಗ ಹಾಕಿ ಇಡುವುದು. ಮಧ್ಯೆ ಒಮ್ಮೆ ಪುನಃ ಸೇವಿಸಿದಲ್ಲಿ ಚಿಕಿತ್ಸೆ ವಿಫಲವಾಯಿತೆಂದು ಭಾವಿಸದೆ ಕೂಡಲೇ ವೈದ್ಯರನ್ನು ಕಾಣುವುದು.

ಎಚ್ಚರಿಕೆ: ಖಾಸಗಿ ವ್ಯಸನಮುಕ್ತಿ ಕೇಂದ್ರಗಳು 2017ರ ಅಧಿನಿಯಮದಡಿ ನೋಂದಣಿ ಹೊಂದಿರತಕ್ಕದ್ದು. ಹಣ ಕಟ್ಟುವ ಮೊದಲು ನೋಂದಣಿ ಪತ್ರವನ್ನು ಕೇಳಿ ನೋಡುವುದು. ರೋಗಿಯನ್ನು ಸರಪಳಿಯಿಂದ ಕಟ್ಟುವುದನ್ನು ಕಾನೂನು ಸಂಪೂರ್ಣವಾಗಿ ನಿಷೇಧಿಸಿದೆ. ರೋಗಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿ ಕೊಡುವ ‘ಚಟ ಬಿಡಿಸುವ ಪುಡಿ’ಗಳ ಜಾಹೀರಾತನ್ನು ನಂಬಬಾರದು.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಮಗನು ಚಿಕಿತ್ಸೆಗೆ ಬರಲು ಒಪ್ಪುತ್ತಿಲ್ಲ. ಪಾಲಕರು ಏನು ಮಾಡಬೇಕು?
ಉತ್ತರ: ಪಾಲಕರೇ ಮೊದಲು ಬಂದು ವೈದ್ಯರ ಅಥವಾ ಸಮಾಲೋಚಕರ ಸಲಹೆ ಪಡೆಯಬಹುದು. ಅಮಲು ಇಳಿದ ಸಮಯದಲ್ಲಿ, ನೆರೆಹೊರೆಯವರ ಎದುರಿನಲ್ಲಲ್ಲದೆ, ಶಾಂತವಾಗಿ ಮಾತನಾಡುವುದು ಫಲಕಾರಿ. ಪ್ರಾಣಕ್ಕೆ ಅಪಾಯವಿರುವ ಸ್ಥಿತಿಯಲ್ಲಿ 2017ರ ಅಧಿನಿಯಮದಲ್ಲಿ ನಿಗದಿಪಡಿಸಿದ ವಿಧಾನದಂತೆ ಪ್ರತಿನಿಧಿಯ ಕೋರಿಕೆಯ ಮೇರೆಗೆ ದಾಖಲಿಸಲು ಅವಕಾಶವಿದೆ.

ಪ್ರಶ್ನೆ: ಮದುವೆ ಮಾಡಿದರೆ ಚಟ ಬಿಡುವುದೇ?
ಉತ್ತರ: ಇಲ್ಲ. ವ್ಯಸನವು ಕಾಯಿಲೆಯಾಗಿದ್ದು, ಮದುವೆ ಅದಕ್ಕೆ ಚಿಕಿತ್ಸೆಯಲ್ಲ. ಹೀಗೆ ಮಾಡುವುದರಿಂದ ಮತ್ತೊಂದು ಜೀವವೂ ಸಂಕಷ್ಟಕ್ಕೆ ಸಿಲುಕುತ್ತದೆ.

ಪ್ರಶ್ನೆ: ಚಿಕಿತ್ಸೆ ಪಡೆದ ವಿಷಯ ಊರಿಗೆಲ್ಲ ತಿಳಿಯುವುದೇ?
ಉತ್ತರ: ಕಾನೂನಿನಲ್ಲಿ ಹೇಳಿರುವ ನಿರ್ದಿಷ್ಟ ಸಂದರ್ಭಗಳ ಹೊರತಾಗಿ ಆಸ್ಪತ್ರೆಯವರು ಮಾಹಿತಿಯನ್ನು ಬಹಿರಂಗಪಡಿಸುವಂತಿಲ್ಲ.

ಪ್ರಶ್ನೆ: ಎಚ್ಚರವಾಗಿರಲು ಗುಳಿಗೆ ಸೇವಿಸಿ ವಾಹನ ಓಡಿಸಿದರೆ ತಪ್ಪೇ?
ಉತ್ತರ: ಮಾದಕ ವಸ್ತುವಿನ ಪ್ರಭಾವದಿಂದ ವಾಹನದ ಮೇಲೆ ಸರಿಯಾದ ನಿಯಂತ್ರಣ ಹೊಂದಲಾಗದ ಸ್ಥಿತಿಯಲ್ಲಿ ಚಾಲನೆ ಮಾಡಿದಲ್ಲಿ, ಮೋಟಾರು ವಾಹನ ಅಧಿನಿಯಮದ ಕಲಂ 185ರಂತೆ ಮೊದಲ ಅಪರಾಧಕ್ಕೆ 6 ತಿಂಗಳವರೆಗೆ ಕಾರಾವಾಸ, ಅಥವಾ 10,000 ರೂ. ದಂಡ, ಅಥವಾ ಎರಡನ್ನೂ ವಿಧಿಸಬಹುದು. ಅಮಲು ಇಳಿಯುವಾಗ ಚಾಲಕನಿಗೆ ಅರಿವಿಲ್ಲದೆಯೇ ನಿದ್ರೆ ಆವರಿಸಿ ಅಪಘಾತವಾಗುವ ಸಂಭವ ಹೆಚ್ಚು.

ಪ್ರಶ್ನೆ: ಮಕ್ಕಳ ಚಂಚಲತೆಗೆ ವೈದ್ಯರು ಉತ್ತೇಜಕ ಔಷಧ ಬರೆದಿದ್ದಾರೆ. ನಿಲ್ಲಿಸಬೇಕೇ?
ಉತ್ತರ: ನಿಲ್ಲಿಸಬೇಕಾಗಿಲ್ಲ. ಮೀಥೈಲ್‌ಫೆನಿಡೇಟ್ ಮುಂತಾದ ಔಷಧಗಳನ್ನು ತಜ್ಞರು ನಿಗದಿಪಡಿಸಿದ ಪ್ರಮಾಣದಲ್ಲಿ ನೀಡುವುದು ಚಿಕಿತ್ಸೆಯೇ ಆಗಿದೆ. ಅದನ್ನು ಬೇರೆಯವರಿಗೆ ಕೊಡುವುದು ಮಾತ್ರ ಕೂಡದು.

11. ಸಂಪರ್ಕಿಸಬೇಕಾದ ದೂರವಾಣಿ ಸಂಖ್ಯೆಗಳು

• 14446: ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿ (ಉಚಿತ)
• 14416: ಟೆಲಿ ಮನಸ್, ಮಾನಸಿಕ ಆರೋಗ್ಯ ಸಹಾಯವಾಣಿ (ಉಚಿತ; ಕನ್ನಡ, ಮರಾಠಿ, ತೆಲುಗು, ಹಿಂದಿ ಸೇರಿದಂತೆ ಹಲವು ಭಾಷೆಗಳಲ್ಲಿ)
• 1933: ಮಾದಕ ವಸ್ತುಗಳ ಸಾಗಣೆ, ಮಾರಾಟದ ಕುರಿತು ಮಾಹಿತಿ ನೀಡಲು ಹಾಗೂ ಸಲಹೆ ಪಡೆಯಲು
• 1800-11-2356: ತಂಬಾಕು ತ್ಯಜಿಸಲು ಸಹಾಯವಾಣಿ (ಉಚಿತ)
• 1098: ಮಕ್ಕಳ ಸಹಾಯವಾಣಿ
• 108: ಆಂಬುಲೆನ್ಸ್, 112: ಪೊಲೀಸ್ ಹಾಗೂ ಇತರೆ ತುರ್ತು ಸೇವೆ

ಪ್ರತಿ ವರ್ಷ ಜೂನ್ 26ನ್ನು ಮಾದಕ ವಸ್ತುಗಳ ದುರುಪಯೋಗ ಮತ್ತು ಅಕ್ರಮ ಸಾಗಣೆ ವಿರೋಧಿ ಅಂತರರಾಷ್ಟ್ರೀಯ ದಿನವನ್ನಾಗಿ ಆಚರಿಸಲಾಗುತ್ತದೆ. ಆದರೆ ಚಿಕಿತ್ಸೆಗೆ ಯಾವುದೇ ದಿನಕ್ಕಾಗಿ ಕಾಯಬೇಕಾಗಿಲ್ಲ. ವ್ಯಸನವನ್ನು ಮುಚ್ಚಿಟ್ಟಷ್ಟೂ ಸೇವನೆಯ ಪ್ರಮಾಣ, ಸಾಲ ಹಾಗೂ ಕಾನೂನಿನ ತೊಡಕು ಮೂರೂ ಬೆಳೆಯುತ್ತವೆ. ಮನೆಯಲ್ಲಿ ಯಾರಿಗಾದರೂ ಮೇಲ್ಕಂಡ ಲಕ್ಷಣಗಳು ಕಂಡುಬಂದಲ್ಲಿ ಸಾರ್ವಜನಿಕರು ವಿಳಂಬ ಮಾಡದೆ ಸಮೀಪದ ಸರ್ಕಾರಿ ಆಸ್ಪತ್ರೆಯನ್ನು ಸಂಪರ್ಕಿಸಿ ಈ ಸೌಲಭ್ಯಗಳ ಸದುಪಯೋಗ ಪಡೆದುಕೊಳ್ಳಬೇಕೆಂದು ಕೋರಲಾಗಿದೆ.